ಮೆಣಸಿನಕಾಯಿ ಕಣದ ಓದು

ಬ್ಯಾಡಗಿಯಲ್ಲಿ ನನ್ನ ವರ್ಗ ಆರಂಭವಾದ ದಿನ ಯಾರೂ ಒಂದಕ್ಷರ ಕಲಿಯಲಿಲ್ಲ, ಎಲ್ಲರೂ ಸೀನಿದೆವು. ಒಂದೇ ಕಿಟಕಿಯ ಕೋಣೆ, ಹದಿನೆಂಟು ಹುಡುಗಿಯರು. ಬೆಳಗಿನಿಂದ ಒಣಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಮುರಿದು ಬಂದವರು. ಲಂಗ, ಸೆರಗು, ಜಡೆ ಎಲ್ಲದರಲ್ಲೂ ಖಾರದ ಧೂಳು. ಒಬ್ಬಳು ಸೆರಗು ಕೊಡವಿದರೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಸೀನು ಹೋಗಿ ಮತ್ತೆ ತಿರುಗಿ ಬರುತ್ತಿತ್ತು. ಅವರು ಸೀನಿ ನಗುತ್ತಿದ್ದರು, ನಾನು ಸೀನಿ ಅಳುತ್ತಿದ್ದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹಾವೇರಿಯ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಸಾರಿಗೆ ನಾಲ್ಕು ಕಾಯಿ ಹಾಕುವವರ ಮಾತು ಅದು.

ಆಗ ಎರಡನೆಯ ಮಹಾಯುದ್ಧದ ಮೊದಲ ವರ್ಷಗಳು. ರಾಣೆಬೆನ್ನೂರಿನ ಕೆಲವು ಹೆಣ್ಣುಮಕ್ಕಳು ಕೂಡಿ ಒಂದು ಸಮಾಜ ಕಟ್ಟಿಕೊಂಡಿದ್ದರು. ಅದರ ಅಧ್ಯಕ್ಷೆ ಒಬ್ಬ ವಕೀಲರ ಹೆಂಡತಿ; ಖಾದಿ ಉಡುವವರು, ಮಾತು ಕಡಿಮೆ, ಹಿಡಿದದ್ದನ್ನು ಬಿಡುವವರಲ್ಲ. ಕೂಲಿಗೆ ಹೋಗುವ ಹುಡುಗಿಯರಿಗೆ ಒಂದು ಸಂಜೆಯ ವರ್ಗ ನಡೆಸಬೇಕೆಂಬುದು ಅವರ ಹಟ. ನನ್ನನ್ನು ಕರೆಸಿ ಕೂಡಿಸಿಕೊಂಡು ಹೇಳಿದ್ದಿಷ್ಟೆ:

“ಹನ್ನೆರಡಕ್ಕ ಕೂಲಿಗೆ ಬೀಳತಾವ, ಹದಿನಾರಕ್ಕ ಗಂಡನ ಮನಿಗೆ ಹೋಗತಾವ. ನಡುವಿನ ನಾಕು ವರ್ಷ ಈ ಹುಡುಗ್ಯಾರು ಯಾರ ಕಣ್ಣಿಗೂ ಬೀಳಂಗಿಲ್ಲ. ಆ ನಾಕು ವರ್ಷ ನೀ ನೋಡಕೋ.”

ನಾನು ತರಬೇತಿ ಮುಗಿಸಿ ಎರಡೇ ವರ್ಷವಾಗಿತ್ತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದಂತೆ, ಇಡೀ ಒಂದು ಹೊತ್ತಿಗೆಯಷ್ಟು ಯೋಜನೆ ಬರೆದುಕೊಂಡು ಸಂಕ್ರಾಂತಿ ಮುಗಿದ ಮರುದಿನ ಹಾವೇರಿಯಲ್ಲಿ ರೈಲು ಹತ್ತಿದೆ. ವಾರಕ್ಕೆ ಮೂರು ದಿನ ಓದು, ಎರಡು ದಿನ ಕಸೂತಿ, ಒಂದು ದಿನ ಸ್ವಚ್ಛತೆ ಮತ್ತು ಹಾಡು. ಬ್ಯಾಡಗಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು, ಇರಲು ತೊಂದರೆಯಿಲ್ಲ. ಒಂದು ದಲಾಲಿ ಅಂಗಡಿಯವರು ಗೋದಾಮಿನ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಎಲ್ಲವೂ ಕಾಗದದ ಮೇಲೆ ಬಲು ಚೆಂದವಿತ್ತು.

ಎರಡನೆಯ ದಿನ ನಾನು ಮಾಡಿದ ಮೊದಲ ಕೆಲಸ, ಬಾಗಿಲ ಬಳಿ ಬಕೆಟ್ಟು ನೀರು, ಸಾಬೂನು ಇಟ್ಟು ಎಲ್ಲರೂ ಕೈ ತೊಳೆದು ಒಳಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದು. ತೊಳೆದರು ಪಾಪ. ತೊಳೆದು ಐದು ನಿಮಿಷಕ್ಕೆ ಒಬ್ಬೊಬ್ಬರೇ ಕೈ ಝಾಡಿಸತೊಡಗಿದರು. ಬೆರಳ ಸಂದಿಯಲ್ಲಿ ಬೆಂಕಿ. ಚಿಕ್ಕವಳೊಬ್ಬಳು ತಡೆಯಲಾರದೆ ಬಾಯಿಗೆ ಬೆರಳಿಟ್ಟುಕೊಂಡು ಇನ್ನೂ ಜೋರಾಗಿ ಅತ್ತಳು. ಮನೆಗೆ ಹೋಗಿ ಹೇಳಿದರೆ ಅತ್ತೆ ಹಣೆ ಬಡಿದುಕೊಂಡಳು.

“ಅಯ್ಯ ನಿನ್ನ, ಖಾರಕ್ಕ ನೀರ ಹಾಕ್ತಾರೇನ? ಮೊದಲ ಎಣ್ಣಿ ಹಚ್ಚಬೇಕು, ಆಮ್ಯಾಲ ಕಡ್ಲಿಹಿಟ್ಟಿಲೆ ತಿಕ್ಕಬೇಕು. ಇಷ್ಟ ಕಲ್ತು ಬಂದೀಯಲ್ಲ, ಇದನ್ನ ಯಾರೂ ಕಲಿಸಲಿಲ್ಲ?”

ಕಲಿಸಿರಲಿಲ್ಲ. ಮರುದಿನ ಸೇಂಗಾ ಎಣ್ಣೆಯ ಬಾಟಲಿ ತೆಗೆದುಕೊಂಡು ಹೋದೆ. ಎಣ್ಣೆ ಸವರಿದ ಮೇಲೆ ಉರಿ ಇಳಿಯಿತು, ಹುಡುಗಿಯರ ಮುಖದ ಬಿಗುವೂ ಇಳಿಯಿತು. ನನಗೆ ಹೆಮ್ಮೆಯೆನಿಸಿತು. ಆ ಹೆಮ್ಮೆಯಲ್ಲೇ ಕಸೂತಿಯ ಬಿಳಿ ಬಟ್ಟೆ ಹಂಚಿದೆ.

ಬ್ಯಾಡಗಿ ಕಾಯಿಯ ಗುಣವೇ ಬಣ್ಣ ಬಿಡುವುದು. ಎಣ್ಣೆ ತಾಕಿದರೆ ಆ ಬಣ್ಣ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಒಗ್ಗರಣೆ ಹಾಕುವ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೆ ಒಲೆಯ ಮುಂದೆ ಗೊತ್ತಿರುವುದು ವರ್ಗದಲ್ಲಿ ಯಾಕೆ ಮರೆಯುತ್ತದೋ ನಾ ಕಾಣೆ. ಉಗುರಿನೊಳಗೆ, ಬೆರಳ ಗೆರೆಗಳಲ್ಲಿ ಉಳಿದಿದ್ದ ಪುಡಿಯೆಲ್ಲ ಎಣ್ಣೆಯ ಜೊತೆ ಬಟ್ಟೆಗಿಳಿಯಿತು. ಒಂದು ವಾರದಲ್ಲಿ ಹದಿನೆಂಟು ಬಿಳಿ ಚೌಕಗಳ ಮೇಲೆ ಗೋಪುರದ ಹೊಲಿಗೆಗಿಂತ ಕೆಂಪು ಬೆರಳಚ್ಚುಗಳೇ ಹೆಚ್ಚಾದವು. ತೊಳೆದರೆ ಗುಲಾಬಿ ಬಣ್ಣಕ್ಕೆ ತಿರುಗಿದವೇ ಹೊರತು ಹೋಗಲಿಲ್ಲ. ನಾನು ರೇಗಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮರುದಿನದಿಂದ ಹುಡುಗಿಯರು ಕಡಿಮೆಯಾಗುತ್ತ ಬಂದರು. ತಿಂಗಳು ತುಂಬುವ ಹೊತ್ತಿಗೆ ಆರು ಮಂದಿ ಉಳಿದಿದ್ದರು.

ಅಂಥ ಹೊತ್ತಿನಲ್ಲೇ ಅಧ್ಯಕ್ಷೆ ರಾಣೆಬೆನ್ನೂರಿನಿಂದ ನೋಡಲು ಬಂದರು. ಬಟ್ಟೆಯ ಚೌಕಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆರು ಹುಡುಗಿಯರನ್ನು ನೋಡಿದರು. ಅವರಲ್ಲಿ ಒಬ್ಬಳೂ ಎರಡಕ್ಷರ ಕೂಡಿಸಿ ಓದಲಿಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಯುಗಾದಿ ತನಕ ನೋಡೂಣು,” ಎಂದರು. “ಹತ್ತು ಮಂದಿ ಹುಡುಗ್ಯಾರು, ತಾವು ಹಿಂದ ಎಂದೂ ನೋಡಲಾರದ ಹಾಳಿ ಓದಿ ತೋರಿಸ್ಬೇಕು. ಇಲ್ಲಂದ್ರ ವರ್ಗ ರಾಣೆಬೆನ್ನೂರಿಗೆ ಒಯ್ಯೂಣು. ಅಲ್ಲೆ ಮನ್ಯಾಗ ಕುಂತ ಹುಡುಗ್ಯಾರು ಭಾಳ ಅದಾರ, ದಿನಾ ಬರತಾರ.”

ಅವರು ಹೇಳಿದ್ದು ಅನ್ಯಾಯವಾಗಿರಲಿಲ್ಲ. ಆದರೆ ಮನೆಯಲ್ಲಿ ಕುಳಿತ ಹುಡುಗಿಯರಿಗೆ ಕಲಿಸಲು ನಾನೇ ಬೇಕೆಂದಿರಲಿಲ್ಲ, ಅವರಿಗೆ ಇನ್ನೂ ಹತ್ತು ದಾರಿಗಳಿದ್ದವು. ಈ ಹದಿನೆಂಟು ಮಂದಿಗೆ ಇದ್ದದ್ದು ಇದೊಂದೇ. ಅಂದು ಸಂಜೆ ಅತ್ತೆಯ ಹಿತ್ತಿಲಲ್ಲಿ ಕುಳಿತು ಹುಡುಗಿಯರನ್ನು, ಅವರ ತಾಯಂದಿರನ್ನು, ಮೆಣಸಿನಕಾಯಿಯನ್ನು, ಕೊನೆಗೆ ಸೇಂಗಾ ಎಣ್ಣೆಯನ್ನೂ ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು. ಬೈದು ಮುಗಿದ ಮೇಲೆ, ಬಾರದೆ ಉಳಿದವರು ಎಲ್ಲಿದ್ದಾರೆಂದು ಒಮ್ಮೆ ಹೋಗಿ ನೋಡಬೇಕೆನಿಸಿತು. ಹಿಂದಿನ ಓಣಿಯಿಂದಲೇ ಕೋಣೆಗೆ ಹೋಗಿ ಬರುತ್ತಿದ್ದ ನಾನು, ಒಂದು ತಿಂಗಳಾದರೂ ಅವರು ಕೆಲಸ ಮಾಡುವ ಕಣವನ್ನು ನೋಡಿರಲೇ ಇಲ್ಲ.

ಮರುದಿನ ಬೆಳಗಿನ ಹೊತ್ತಿಗೆ ಹೋದೆ. ಗೋದಾಮಿನ ಮುಂದೆ ಸಗಣಿ ಬಳಿದ ವಿಶಾಲವಾದ ಅಂಗಳ. ನಡುವೆ ಮೊಣಕಾಲೆತ್ತರದ ಕೆಂಪು ರಾಶಿ. ಸುತ್ತ ಹೆಂಗಸರು ಗುಂಪು ಗುಂಪಾಗಿ ಕುಳಿತಿದ್ದರು. ಎಡಗೈಯಲ್ಲಿ ಕಾಯಿ, ಬಲಗೈಯ ಹೆಬ್ಬೆರಳು ತೊಟ್ಟಿನ ಮೇಲೆ, ಚಟಕ್ಕನೆ ಒಂದು ಮುರಿತ. ತೊಟ್ಟು ಬಲಕ್ಕೆ, ಕಾಯಿ ಬುಟ್ಟಿಗೆ. ಬಿಳಿಚಿಕೊಂಡ ಕಾಯಿ ಬಂದರೆ ಹಿಂದಕ್ಕೆ ಬೇರೆ ಗುಡ್ಡೆ. ಕಣ್ಣು ಅರ್ಧ ಕೆಲಸ ಮಾಡುತ್ತಿತ್ತು, ಕೈ ಉಳಿದರ್ಧ. ನಾನು ಹುಡುಕಿ ಬಂದ ಹುಡುಗಿಯರೆಲ್ಲ ಒಂದೇ ಗುಂಪಿನಲ್ಲಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು.

ಆ ಗುಂಪಿಗೆ ಒಬ್ಬಳು ಹಿರಿಯಾಕೆ. ನಲವತ್ತು ದಾಟಿದವಳು, ಗಟ್ಟಿ ಮೈ, ಗಟ್ಟಿ ಗಂಟಲು. ಯಾರು ಯಾವ ರಾಶಿಗೆ, ಯಾರು ಯಾವಾಗ ಏಳಬೇಕು, ಎಲ್ಲ ಅವಳ ಮಾತಿನ ಮೇಲೆ. ಅವಳ ಹದಿನಾಲ್ಕರ ಮಗಳು ನನ್ನ ವರ್ಗದಲ್ಲಿ ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ವಾಚಾಳಿ, ಬರುವುದನ್ನು ಎಲ್ಲರಿಗಿಂತ ಮೊದಲು ಬಿಟ್ಟವಳು.

“ಏನ್ರಿ ಅಕ್ಕೋರ, ಹುಡುಗ್ಯಾರನ ಹಿಡಕೊಂಡ ಹೋಗಾಕ ಬಂದೀರೇನು?” ಹಿರಿಯಾಕೆ ಕೈ ನಿಲ್ಲಿಸದೆ ಕೇಳಿದಳು.

“ಇಲ್ಲ ಯವ್ವಾ, ಸುಮ್ನ ಕುಂತು ಮಾತಾಡಿ ಹೋಗಾಕ ಬಂದೇನಿ.”

“ಕುಂದರ್ರಿ. ಆದ್ರ ಕಣದಾಗ ಖಾಲಿ ಕೈಲೆ ಕುಂದರಬಾರದು.” ಒಂದು ಮೊರ ನನ್ನ ಮುಂದೆ ತಳ್ಳಿದಳು.

ಅಂದು ಮಧ್ಯಾಹ್ನದವರೆಗೆ ನಾನು ತೊಟ್ಟು ಮುರಿದೆ. ತೊಟ್ಟಿಗೆ ಅಲ್ಲಿಯವರು ತುಂಬು ಎನ್ನುತ್ತಾರೆ. ನನ್ನ ಒಂದು ಬುಟ್ಟಿ ತುಂಬುವಷ್ಟರಲ್ಲಿ ಹುಡುಗಿಯರದು ಮೂರು ತುಂಬುತ್ತಿತ್ತು. ನಾನು ಕಾಯಿಯನ್ನೇ ಸೀಳಿ ಬೀಜ ಚೆಲ್ಲುತ್ತಿದ್ದೆ. ಅವರು ಕಿಸಿಕಿಸಿ ನಗುತ್ತ ಸೀಳಿದ್ದನ್ನು ಕದ್ದು ತಮ್ಮ ಬುಟ್ಟಿಯ ತಳಕ್ಕೆ ಸೇರಿಸಿಕೊಂಡು ನನ್ನ ಮಾನ ಕಾಯುತ್ತಿದ್ದರು. ಗುರುವಿನ ಗೌರವ ಅಷ್ಟಕ್ಕೇ ಮುಗಿಯಿತು, ಆದರೆ ಮಾತು ಶುರುವಾಯಿತು. ವರ್ಗದಲ್ಲಿ ಒಂದು ತಿಂಗಳು ಬಾಯಿ ಬಿಡದವರು ಕಣದಲ್ಲಿ ಬಾಯಿ ಮುಚ್ಚಲಿಲ್ಲ. ಸಂಜೆ ಯಾಕೆ ಬರುತ್ತಿಲ್ಲವೆಂದರೆ, ಸಂಜೆಗೆ ಮೋಟೆಬೆನ್ನೂರಿನವರಿಗೆ ಮೂರ್ನಾಲ್ಕು ಮೈಲಿ ನಡೆಯುವುದಿತ್ತು, ಉಳಿದವರಿಗೆ ನೀರು, ರೊಟ್ಟಿ, ತಮ್ಮ ತಂಗಿಯರು. ನಾನು ಕರೆದ ಹೊತ್ತು ಅವರ ಬಳಿ ಇರಲೇ ಇಲ್ಲ.

“ಹಾಂಗಾದ್ರ ಯಾವಾಗ ಓದ್ತೀರಿ?” ಎಂದೆ.

ಹಿರಿಯಾಕೆಯ ಮಗಳು ಕೈಯಲ್ಲಿದ್ದ ಕಾಯಿ ಮುರಿದು ಹಾಕಿ, “ಇಲ್ಲೇ ಓದೂಣ್ರಿ ಅಕ್ಕೋರ,” ಎಂದಳು. “ಕೈಗಷ್ಟ ಕೆಲಸ, ಕಿವಿ ಖಾಲಿನ ಅದಾವ. ಒಬ್ಬಾಕಿ ಓದ್ಲಿ. ಆಕಿ ಓದೂ ತನಕ ಆಕಿ ಬುಟ್ಟಿ ನಾವು ತುಂಬತೇವಿ. ನಾಳಿ ನನ್ನ ಪಾಳಿ ಬಂದಾಗ ಆಕಿ ನಂದು ತುಂಬ್ಲಿ. ಹೊಲದಾಗ ಮುಯ್ಯಾ ಮಾಡಂಗಿಲ್ಲೇನ್ರಿ, ಹಂಗ.”

ಮುಯ್ಯಿ ಎಂದರೆ ಗೊತ್ತಲ್ಲ. ಇಂದು ನಿಮ್ಮ ಹೊಲದಲ್ಲಿ ನಾವು ದುಡಿಯುವುದು, ನಾಳೆ ನಮ್ಮ ಹೊಲದಲ್ಲಿ ನೀವು. ನಾನು ಹಿರಿಯಾಕೆಯ ಮುಖ ನೋಡಿದೆ. ಅವಳು ನಾಲ್ಕಾರು ಕಾಯಿ ಮುರಿದು ಬುಟ್ಟಿಗೆ ಹಾಕಿದಳು.

“ಸಂಜಿಗೆ ಬುಟ್ಟಿ ಕಮ್ಮಿ ಬೀಳಬಾರದು,” ಎಂದಳು ಕೊನೆಗೆ. “ಒಂದ ಬುಟ್ಟಿ ಕಮ್ಮಿ ಬಿದ್ರೂ ನಿಮ್ಮ ಓದು ಅವತ್ತಿಗೆ ಬಂದ್.”

ಯೋಜನೆಯ ಹೊತ್ತಿಗೆಯನ್ನು ಅಂದೇ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಕಸೂತಿ ಬಿಟ್ಟೆ, ಕೋಣೆ ಬಿಟ್ಟೆ. ಅಧ್ಯಕ್ಷೆಯವರನ್ನು ಕೇಳಬೇಕಿತ್ತು. ಕೇಳಿದರೆ ಖಂಡಿತ ಬೇಡ ಎನ್ನುತ್ತಿದ್ದರು. ಕೂಲಿಯಿಂದ ಒಂದು ತಾಸಾದರೂ ಹುಡುಗಿಯರನ್ನು ಬಿಡಿಸಬೇಕೆಂಬುದೇ ಅವರ ಉದ್ದೇಶ, ನಾನು ಓದನ್ನೇ ಕೂಲಿಯ ಕಣಕ್ಕೆ ಒಯ್ಯುತ್ತಿದ್ದೆ. ಆದ್ದರಿಂದ ಕೇಳಲಿಲ್ಲ, ತಿಳಿಸಿದೆ. ‘ವರ್ಗವನ್ನು ನಾಳೆಯಿಂದ ಮೆಣಸಿನಕಾಯಿ ಕಣದಲ್ಲಿ ನಡೆಸುತ್ತೇನೆ, ಯುಗಾದಿಗೆ ಅಲ್ಲಿಗೇ ಬರಬೇಕು’ ಎಂದು ಎರಡು ಸಾಲು ಬರೆದು ಟಪಾಲಿಗೆ ಹಾಕಿದೆ. ಉತ್ತರ ಬರಲಿಲ್ಲ. ಅವರು ಒಪ್ಪಿದರೋ ಸಿಟ್ಟಾದರೋ ತಿಳಿಯದೆ ಒಂದೂವರೆ ತಿಂಗಳು ಕಳೆದೆ.

ಕಣದಲ್ಲಿ ಕರಿಹಲಗೆ ಇರಲಿಲ್ಲ. ಯುದ್ಧದಿಂದಾಗಿ ಕಾಗದಕ್ಕೂ ಬರ. ಹಳೆಯ ಮೊರದ ಬೆನ್ನಿಗೆ ಸಗಣಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿದೆ. ಸೀಮೆಸುಣ್ಣದ ಬರಹ ಅದರ ಮೇಲೆ ಚೆನ್ನಾಗಿ ಮೂಡುತ್ತಿತ್ತು, ತೇವದ ಅರಿವೆಯಿಂದ ಒರೆಸಿದರೆ ಹೋಗುತ್ತಿತ್ತು. ಅಂಥ ನಾಲ್ಕು ಮೊರಗಳನ್ನು ಗುಂಪಿನ ನಾಲ್ಕು ದಿಕ್ಕಿಗೆ ಗೋಣಿಚೀಲಕ್ಕೆ ಆನಿಸಿ ನಿಲ್ಲಿಸಿದರೆ ಯಾರು ತಲೆ ಎತ್ತಿದರೂ ಅಕ್ಷರವೇ ಕಾಣಬೇಕು. ಅ ಆ ಇ ಈ ಎಂದು ಸಾಲಾಗಿ ಹೋಗಲು ಹೊತ್ತಿರಲಿಲ್ಲ. ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತುಗಳಿಂದಲೇ ಹೊರಟೆ: ಕಣ, ಕಾಯಿ, ರಾಶಿ, ಬುಟ್ಟಿ, ಚೀಲ. ‘ಕ’ ಒಂದು ಬಂದರೆ ಕಣವೂ ಕಾಯಿಯೂ ಎರಡೂ ಬಂದವು. ಒಬ್ಬೊಬ್ಬಳ ಓದಿಗೆ ಅಳತೆ ಒಂದು ಬುಟ್ಟಿ. ಉಳಿದವರು ಅವಳ ಬುಟ್ಟಿ ತುಂಬಿಸುವವರೆಗೆ ಅವಳು ನನ್ನ ಪಕ್ಕದಲ್ಲಿ. ಬುಟ್ಟಿ ತುಂಬಿತೆಂದರೆ ಎದ್ದು ಹೋಗಬೇಕು, ಮುಂದಿನವಳು ಬರಬೇಕು. ಗೆಳತಿ ತಡವರಿಸುತ್ತಿದ್ದರೆ ಕೈ ನಿಧಾನ ಮಾಡಿ ಅವಳಿಗೆ ಇನ್ನಷ್ಟು ಹೊತ್ತು ಕೊಡುತ್ತಿದ್ದರು. ಜಂಬ ಮಾಡಿದವಳ ಬುಟ್ಟಿ ಕಣ್ಣು ಮಿಟುಕಿಸುವುದರಲ್ಲಿ ತುಂಬುತ್ತಿತ್ತು. ಬಿಟ್ಟುಹೋದ ಹನ್ನೆರಡು ಮಂದಿಯೂ ಮರಳಿದರು. ಸಂಜೆ ಹಿರಿಯಾಕೆ ಬುಟ್ಟಿಗಳನ್ನು ಎಣಿಸುತ್ತಿದ್ದಳು. ಕಡಿಮೆ ಬೀಳಲಿಲ್ಲ, ಮಾತಿನ ಭರದಲ್ಲಿ ಒಮ್ಮೊಮ್ಮೆ ಹೆಚ್ಚೇ ಆಯಿತು.

ಅವು ನನ್ನ ಕೆಲಸದ ಬದುಕಿನ ಸುಖದ ದಿನಗಳು. ಬೆಳಗ್ಗೆ ಏಳುವಾಗಲೇ ಕಣದ ನೆನಪಾಗುತ್ತಿತ್ತು. ಬೆರಳು ಕೆಂಪಾದವು, ಮೂಗಿಗೆ ಖಾರ ರೂಢಿಯಾಯಿತು. ನನ್ನ ಬುಟ್ಟಿಯೂ ಸ್ವಲ್ಪ ಲಗುಬಗೆಯಿಂದ ತುಂಬತೊಡಗಿತು. ಅತ್ತೆ ಮಾತ್ರ, “ಸಾಲಿ ಕಲಿಸಾಕ ಬಂದಾಕಿ ಕೂಲಿ ಕಲ್ತ ಹೊಂಟಾಳ” ಎಂದು ಓಣಿಗೆಲ್ಲ ಸಾರುತ್ತಿದ್ದಳು.

ನನ್ನ ಬಳಿ ಒಂದೇ ಕಥೆಪುಸ್ತಕವಿತ್ತು. ಅಕ್ಷರ ಕೂಡಿಸಲು ಬಂದವರಿಗೆ ಅದರಲ್ಲಿಯ ಮೊದಲ ಕಥೆ, ಒಬ್ಬ ಸೋಮಾರಿ ಅಗಸ ಮತ್ತು ಅವನಿಗಿಂತ ಸೋಮಾರಿಯಾದ ಕತ್ತೆಯ ಕಥೆ, ಕೊಟ್ಟೆ. ಮೂರು ವಾರದಲ್ಲಿ ಹದಿನಾಲ್ಕು ಹುಡುಗಿಯರು ಅದನ್ನು ನೀರು ಕುಡಿದಷ್ಟು ಸುಲಭವಾಗಿ ಓದತೊಡಗಿದರು. ಹಿರಿಯಾಕೆಯ ಮಗಳಂತೂ ಅಗಸನಿಗೆ ಒಂದು ದನಿ, ಕತ್ತೆಗೆ ಒಂದು ದನಿ ಮಾಡಿ ಓದಿ ಇಡೀ ಕಣವನ್ನು ನಗಿಸುತ್ತಿದ್ದಳು. ಹತ್ತು ಏನು, ಹದಿನಾಲ್ಕು ಮಂದಿಯನ್ನು ನಿಲ್ಲಿಸುತ್ತೇನೆಂದು ನಾನು ಒಳಗೊಳಗೇ ಬೀಗಿದೆ.

ಯುಗಾದಿಗೆ ಇನ್ನು ಹದಿನೆಂಟು ದಿನ. ಅಂದು ಹಿರಿಯಾಕೆಯ ಮಗಳ ಸರದಿ ಬಂದಾಗ ನಾನು ಬೇರೆಯವಳ ಮೊರದ ಮೇಲೆ ಏನನ್ನೋ ತಿದ್ದುತ್ತ ಪುಸ್ತಕವನ್ನು ನೋಡದೆ ತೆರೆದು ಅವಳ ಕೈಗಿಟ್ಟೆ. ಅವಳು ದನಿ ತೆಗೆದು ಅಗಸನನ್ನು ಕರೆದಳು, ಕತ್ತೆಯನ್ನು ಒದರಿಸಿದಳು. ತಿರುಗಿ ನೋಡಿದರೆ ತೆರೆದಿದ್ದ ಪುಟ ಆಕಳಿನ ಪಾಠ. ಪಕ್ಕದಲ್ಲಿ ಆಕಳ ಚಿತ್ರವೂ ಇತ್ತು.

“ಏ, ಇದರಾಗ ಕತ್ತಿ ಎಲ್ಲೈತಿ ತೋರಿಸು,” ಎಂದೆ.

ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. “ಇವತ್ತ ಕತ್ತಿ ಬಂದಿಲ್ಲೇನೋ ಬಿಡ್ರಿ,” ಎಂದಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬೊಬ್ಬರನ್ನೇ ಕರೆದು ಆಕಳ ಪಾಠ ಕೊಟ್ಟೆ. ಒಂದೆರಡು ಇಯತ್ತೆ ಕಲಿತು ಶಾಲೆ ಬಿಟ್ಟಿದ್ದ ಐವರು ಹೇಗೋ ಓದಿದರು. ಉಳಿದ ಒಂಬತ್ತು ಮಂದಿಗೂ ಕಥೆ ಕಿವಿಯಿಂದ ಬಂದಿತ್ತೇ ಹೊರತು ಕಣ್ಣಿನಿಂದಲ್ಲ. ಅವರ ತಪ್ಪೇನಿದೆ? ಬೀಸುವ ಪದ, ಸೋಬಾನೆ, ಒಗಟು ಎಲ್ಲವನ್ನೂ ಒಮ್ಮೆ ಕೇಳಿದರೆ ಎತ್ತಿ ಇಟ್ಟುಕೊಳ್ಳುವ ತಲೆಗಳು ಅವು. ಒಂದೇ ಕಥೆಯನ್ನು ದಿನಕ್ಕೆ ಹದಿನಾಲ್ಕು ಸಲ ಅವರ ಕಿವಿಗೆ ಹಾಕಿದವಳು ನಾನು. ಕಲಿಸುವ ಜಾಣತನದಲ್ಲಿ ನಾನೇ ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದೆ.

ಅವರಿಗೆ ಬೇಕಾದದ್ದು ಒಮ್ಮೆ ಓದಿದ ಮೇಲೆ ಮತ್ತೆ ಬಾರದ ಬರಹ. ದಿನವೂ ಹೊಸದು, ಯಾರೂ ಮೊದಲು ಕೇಳಿರದ್ದು. ಅಷ್ಟು ಪುಸ್ತಕ ನಾನೆಲ್ಲಿಂದ ತರಲಿ? ಮರುದಿನ ಕಣಕ್ಕೆ ಹೋಗಿ ಪುಸ್ತಕವನ್ನು ಚೀಲದೊಳಗೆ ಹಾಕಿ, “ನಾಳಿಂದ ನಿಮ್ಮ ಮನ್ಯಾಗ ಅಕ್ಷರ ಇರೂದು ಏನೇನು ಸಿಗತದೋ ಎಲ್ಲಾ ತರ್ರಿ” ಎಂದೆ.

ಬಂದವು ನೋಡಿ. ಸಕ್ಕರೆ ಕಟ್ಟಿದ ಹಾಳೆ, ನಾಟಕದ ಜಾಹೀರಾತು, ಯಾರದೋ ಮದುವೆಯ ಕರೆಯೋಲೆ, ಔಷಧದ ಬಾಟಲಿಯ ಚೀಟಿ, ಬೀಗರು ಬರೆದ ಕಾರ್ಡು. ಹಲಗೇರಿಯಲ್ಲಿ ಅಜ್ಜಿಮನೆ ಇದ್ದವಳೊಬ್ಬಳು ಅಜ್ಜಿ ಕಾಯಿಲೆ ಬಿದ್ದಾಗ ಬಂದ ಕಾಗದ ತಂದಳು. ಅದರಲ್ಲಿಯ ‘ಆಕಳು ಹೋರಿಗರು ಹಾಕಿದೆ’ ಎಂಬ ಒಂದು ಸಾಲನ್ನು ಓದಿ ಅವರೆಲ್ಲ ಪಟ್ಟ ಆನಂದವನ್ನು ನನ್ನ ಪುಸ್ತಕದ ಆಕಳು ಎಂದೂ ಕೊಟ್ಟಿರಲಿಲ್ಲ. ಮುಂದೇನಿದೆಯೋ ತಿಳಿಯದು, ತಿಳಿಯಬೇಕೆಂದರೆ ಅಕ್ಷರ ಬಿಡಿಸಲೇಬೇಕು. ಬಿಡಿಸಿದರು. ಗೋಣಿಚೀಲಗಳ ಮೇಲಿನ ಹೆಸರುಗಳನ್ನೂ ಬಿಡಲಿಲ್ಲ.

ಹಿರಿಯಾಕೆಯ ಮಗಳು ಮಾತ್ರ ಬರಿಗೈಯಲ್ಲಿ ಬರುತ್ತಿದ್ದಳು. ಅವಳ ಅಣ್ಣ ಸೊಲ್ಲಾಪುರದ ಗಿರಣಿಯಲ್ಲಿದ್ದ, ಆಗೀಗ ಕಾರ್ಡು ಬರೆಯುತ್ತಿದ್ದನೆಂದು ಎಲ್ಲರಿಗೂ ಗೊತ್ತಿತ್ತು. ನಾನು ಹಿರಿಯಾಕೆಯನ್ನು ಕೇಳಿದೆ.

“ಅವು ನನ್ನ ಮಗನ ಕಾಗದರಿ ಅಕ್ಕೋರ. ಹುಡುಗ್ಯಾರ ಆಟಕ್ಕಲ್ಲ,” ಎಂದಳು. “ಟಪಾಲಿನಾಂವ ಬಾಗಲದಾಗ ನಿಂತು ಓದಿ ಹೇಳತಾನ. ಅಷ್ಟ ಸಾಕು.”

ನಾನು ಒತ್ತಾಯಿಸಲಿಲ್ಲ. ಬೇರೆಯವರ ಕಾಗದಗಳಲ್ಲೇ ಅವಳ ಮಗಳೂ ಕಲಿತಳು. ಆದರೆ ನಿಧಾನ. ಒಮ್ಮೆ ಕಿವಿಯನ್ನು ನಂಬಿದವಳಿಗೆ ಕಣ್ಣನ್ನು ನಂಬುವುದು ಕಷ್ಟವಾಯಿತು. ಅರ್ಧ ಪದ ಬಿಡಿಸಿ ಉಳಿದರ್ಧವನ್ನು ಊಹಿಸಿಬಿಡುತ್ತಿದ್ದಳು.

ಯುಗಾದಿಗೆ ಎರಡು ದಿನ ಮೊದಲು ಅಧ್ಯಕ್ಷೆ ಬಂದರು. ಸೀದಾ ಕಣಕ್ಕೇ ಬಂದರು, ನನ್ನ ಕಾಗದದ ಬಗ್ಗೆ ಒಂದು ಮಾತೂ ಆಡದೆ ಚಾಪೆಯ ಮೇಲೆ ಕುಳಿತರು. ಎರಡು ಸಲ ಸೀನಿದರು. ಚೀಲದಿಂದ ಅಂದಿನ ಪತ್ರಿಕೆಯ ಹಾಳೆ ತೆಗೆದರು. ದೊಡ್ಡವರು ಬಂದರೆಂದು ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕೈ ಕಟ್ಟಿ ಕುಳಿತುಬಿಟ್ಟಿದ್ದರು. ಮೊದಲ ಹುಡುಗಿ ಹಾಳೆ ಹಿಡಿದು ನಿಂತಳು. ಬಾಯಿಂದ ಉಸಿರೂ ಹೊರಡಲಿಲ್ಲ. ಎರಡನೆಯವಳದೂ ಅದೇ ಗತಿ. ಆಮೇಲೆ ಹೊಳೆಯಿತು: ಇಷ್ಟು ನಿಶ್ಶಬ್ದದಲ್ಲಿ ಇವರು ಎಂದೂ ಓದಿಯೇ ಇಲ್ಲ.

“ಯವ್ವಾ, ನೀವೆಲ್ಲಾ ಕೆಲಸ ಹಚ್ಚರಿ,” ಎಂದು ಹಿರಿಯಾಕೆಗೆ ಹೇಳಿದೆ. ಅವಳು ತಲೆಯಾಡಿಸಿದಳು. ಚಟಚಟ ಸದ್ದು ಎದ್ದಿತು, ಕಾಯಿಗಳು ಬುಟ್ಟಿಗೆ ಬೀಳತೊಡಗಿದವು. ಹುಡುಗಿ ಗಂಟಲು ಸರಿಮಾಡಿಕೊಂಡು ಓದಿದಳು.

ಒಬ್ಬೊಬ್ಬರಿಗೆ ಎರಡೆರಡು ಸಾಲು. ಮಳೆಯ ಸುದ್ದಿ, ಹತ್ತಿಯ ಸುದ್ದಿ, ಯುದ್ಧದ ಸುದ್ದಿ. ಒಬ್ಬಳು ಯುದ್ಧದ ಊರಿನ ಹೆಸರನ್ನು ಮೂರು ಸಲ ಮೂರು ತರಹ ಓದಿದಳು. ಅಧ್ಯಕ್ಷೆ, “ಅದು ನನಗೂ ಬರಂಗಿಲ್ಲ, ಮುಂದ ಹೋಗು” ಎಂದರು. ಒಂಬತ್ತು ಮಂದಿ ಓದಿದರು. ಉಳಿದ ಎಂಟು ಮಂದಿ ಇನ್ನೂ ಕಾಗುಣಿತದಲ್ಲಿದ್ದರು, ಅವರನ್ನು ಎಬ್ಬಿಸುವಂತಿರಲಿಲ್ಲ. ಹತ್ತನೆಯವಳು ಹಿರಿಯಾಕೆಯ ಮಗಳು. ಅವಳ ಪಾಲಿಗೆ ಬಂದದ್ದು ಯಾವುದೋ ‘ಕಾರ್ಯಕಾರಿ ಮಂಡಳಿ’ಯ ಸುದ್ದಿ. ‘ಕಾ’ ಎಂದಳು, ನಿಂತಳು. ‘ಕಾಯಿ’ ಎಂದು ಊಹಿಸಿದಳು. ತಪ್ಪೆಂದು ಅವಳಿಗೇ ತಿಳಿಯಿತು. ಮತ್ತೆ ‘ಕಾ’. ಅಷ್ಟು ಮಾತುಗಾತಿ ಹುಡುಗಿ ತುಟಿ ಕಚ್ಚಿಕೊಂಡು ಹಾಳೆಯನ್ನು ಹಿಂದಕ್ಕೆ ಕೊಟ್ಟಳು.

“ಒಂಬತ್ತು,” ಎಂದರು ಅಧ್ಯಕ್ಷೆ. ಮೆಲ್ಲಗೇ ಎಂದರು, ಅವರಿಗೂ ಇಷ್ಟವಿರಲಿಲ್ಲವೆಂದು ಕಾಣುತ್ತದೆ. ಆದರೆ ಹತ್ತು ಎಂದು ಹೇಳಿದವರು ಅವರು, ಒಂಬತ್ತನ್ನು ಹತ್ತು ಎನ್ನುವವರಲ್ಲ. ಮುಯ್ಯಿಯ ದಾರಿ ತೋರಿಸಿಕೊಟ್ಟ ಹುಡುಗಿಯಿಂದಲೇ ವರ್ಗ ಮುಚ್ಚಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಆಗ ಹಿರಿಯಾಕೆ ಎದ್ದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಕುಪ್ಪಸದೊಳಗಿಂದ ಒಂದು ಕಾರ್ಡು ತೆಗೆದಳು.

“ಬಾಯಾರ, ಆಕಿಗೆ ಇದನ್ನ ಕೊಟ್ಟ ನೋಡ್ರಿ. ಮೊನ್ನಿ ಬಂತು. ಟಪಾಲಿನಾಂವ ಓದ್ಲೇನು ಅಂದ, ಬ್ಯಾಡ ಅಂದೆ. ಇದನ್ನ ಯಾರೂ ಓದಿಲ್ಲ.”

ಅಧ್ಯಕ್ಷೆ ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. “ಇದು ಬ್ಯಾಡ ಬಿಡ್ರಿ,” ಎಂದರು. “ಮನಿ ಕಾಗದ. ಇಷ್ಟು ಮಂದ್ಯಾಗ ಯಾಕ?”

“ಓದ್ಲಿ ಬಾಯಾರ. ಬಂದ್ರ ಓದತಾಳ, ಬರಲಿಲ್ಲಂದ್ರ ಬಿಡತಾಳ.”

ಹುಡುಗಿಯ ಕೈಗೆ ಕಾರ್ಡು ಬಂತು. ಮೂರನೆಯ ಇಯತ್ತೆಯವರೆಗೆ ಕಲಿತವನ ದೊಡ್ಡ ದೊಡ್ಡ ಅಕ್ಷರ, ಪೆನ್ಸಿಲಿನಲ್ಲಿ ಬರೆದದ್ದು. ಈ ಸಲ ಅವಳು ಊಹಿಸಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಬಿಡಿಸಿದಳು.

“ಮಾ… ತೋ… ಶ್ರೀ ಅವ್ವನ ಪಾದಕ್ಕ ನಮಸ್ಕಾರ. ನಾ ಇಲ್ಲೆ ಆರಾಮ ಇದ್ದೇನಿ. ಓ… ಓದುವ ಅಣ್ಣಾವರಿಗೆ ವಿ… ವಿನಂತಿ. ಈ ಮುಂದಿಂದು ಅವ್ವಗ ಓ… ದ… ಬ್ಯಾಡ್ರಿ. ಹ… ದಿನೈದು ದಿನ ಜ್ವರ ಬಂದು…”

ಅಷ್ಟು ಹೊತ್ತಿಗೆ ತಾನು ಓದುತ್ತಿರುವುದೇನೆಂದು ಅವಳಿಗೆ ಹೊಳೆಯಿತು. ತಲೆ ಎತ್ತಿ ತಾಯಿಯನ್ನು ನೋಡಿದಳು. ಚಟಚಟ ಸದ್ದು ನಿಂತಿತ್ತು.

“ಓದು,” ಎಂದಳು ಹಿರಿಯಾಕೆ.

“ಜ್ವರ ಬಂದು ಮಲಗಿದ್ದೆ. ಈಗ ಕೆಲಸಕ್ಕ ಹೊಂಟೇನಿ. ಕಾಳಜಿ ಇಲ್ಲ.”

ಅಧ್ಯಕ್ಷೆ ಪತ್ರಿಕೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು. “ಹತ್ತು,” ಎಂದರು. “ವರ್ಗ ಇಲ್ಲೇ ಇರ್ಲಿ. ಈ ಕಣದಾಗನ ಇರ್ಲಿ.” ನನ್ನ ಕಣ್ಣಲ್ಲಿ ನೀರು ಬಂತು, ಖಾರದ ಧೂಳಿಗೆಂದು ಎಲ್ಲರೂ ತಿಳಿದುಕೊಂಡರು, ಹಾಗೇ ತಿಳಿಯಲೆಂದು ಬಿಟ್ಟೆ.

ಹಿರಿಯಾಕೆಗೆ ಇದಾವುದೂ ಕೇಳಿಸಿದಂತಿರಲಿಲ್ಲ. ಅವಳು ಆಗಲೇ ಕಣದಾಚೆಯ ತನ್ನ ಮನೆಯ ಕಡೆ ನಡೆದಿದ್ದಳು. ಬರುವಾಗ ಕೈಯಲ್ಲಿ ಒಂದು ಅರಿವೆಯ ಗಂಟಿತ್ತು. ಬಿಚ್ಚಿದಳು. ಎರಡು ವರ್ಷದ ಕಾರ್ಡುಗಳು, ಏಳೆಂಟು ಇದ್ದವು. ಎಲ್ಲವೂ ಟಪಾಲಿನವನು ಒಮ್ಮೆ ಓದಿ ಹೇಳಿದವೇ. ಪಾಪ, ಓದಬೇಡವೆಂದದ್ದನ್ನು ಬಿಟ್ಟು ಓದಿ ಅವನೂ ಬರೆದವನ ಮಾತು ನಡೆಸಿಕೊಟ್ಟಿದ್ದ.

“ಇವನ್ನೆಲ್ಲಾ ಮೊದಲಿಂದ ಓದು. ಒಂದ ಅಕ್ಷರ ಬಿಡಬ್ಯಾಡ,” ಎಂದು ಮಗಳ ಮುಂದೆ ಇಟ್ಟಳು. ಮಗಳ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಮಗಳು ಒಂದೊಂದಾಗಿ ಓದಿದಳು. ಅಧ್ಯಕ್ಷೆಯವರ ರೈಲಿನ ಹೊತ್ತು ಮೀರುತ್ತಿತ್ತು, ಅವರು ಏಳಲಿಲ್ಲ. ಮೊದಲೆರಡು ಕಾರ್ಡುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಮೂರನೆಯದರಲ್ಲಿ ‘ಓದುವ ಅಣ್ಣಾವರಿಗೆ’ ಎಂಬ ಮಾತು ಬಂತು. ಸೊಲ್ಲಾಪುರಕ್ಕೆ ಹೋದ ಹೊಸದರಲ್ಲಿ ಬರೆದ ಕಾರ್ಡು ಅದು. ಹೇಳದೆ ಇರಲೂ ಆಗದು, ಅವ್ವನಿಗೆ ತಿಳಿಯಲೂ ಬಾರದು. ಆ ಹುಡುಗ ಎರಡಕ್ಕೂ ಒಂದೇ ಕಾರ್ಡಿನಲ್ಲಿ ಜಾಗ ಮಾಡಿದ್ದ.

“ಇದನ್ನ ಬಿ… ಬಿಟ್ಟು ಓದ್ರಿ. ಅವ್ವನ ನೆ… ನೆನಪಾಗಿ ದಿನಾ ಅ… ಅಳು ಬರತೈತಿ. ತಿಳಿದ್ರ ಆಕಿ ಗಾ… ಗಾಡಿ ಹತ್ತಿ ಬಂದ ಬಿಡತಾಳ.”

ಹಿರಿಯಾಕೆಯ ಕೈ ಬುಟ್ಟಿಯ ಮೇಲೆ ನಿಂತಿತು. ತಲೆ ಎತ್ತದೆಯೇ, “ಅದನ್ನ ಇನ್ನೊಮ್ಮೆ ಓದು,” ಎಂದಳು.

ಎರಡನೆಯ ಸಲ ಮಗಳು ತಡವರಿಸಲಿಲ್ಲ.